ಹಾಲುತೊಂಡೆಯಿಂದ ಹುಚ್ಚುನಾಯಿ ಕಡಿತದವರೆಗೆ

ವೈರಸ್ ಮಾಡುವ ಹಾನಿಯನ್ನು ನಮ್ಮ ಶಿಡ್ಲಘಟ್ಟ ಸೀಮೆಯ ರೇಷ್ಮೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಳುಗಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದು, ಇನ್ನೇನು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕೆನ್ನುವಾಗ ಕೆಲವು ಮಾತ್ರ ಸೊಪ್ಪು ಮುಟ್ಟದೆ ತಟ್ಟೆಯ ಅಂಚಿನಲ್ಲಿ ಸುತ್ತತೊಡಗುತ್ತವೆ. ಗೆಣ್ಣುಗಳು ಊದಿ ಚರ್ಮ ಹೊಳೆಯುತ್ತದೆ, ಬೆರಳು ತಾಗಿದರೆ ಸಾಕು, ಹಾಲಿನಂತಹ ದ್ರವ ಸೋರುತ್ತದೆ. ಇದೇ ಹಾಲುತೊಂಡೆ ರೋಗ. ಸೊಪ್ಪಿನೊಂದಿಗೆ ಹೊಟ್ಟೆ ಸೇರಿದ ವೈರಸ್ ಹರಳುಗಳು ಕರುಳಿನ ಕ್ಷಾರದಲ್ಲಿ ಕರಗುತ್ತವೆ. ಅವುಗಳೊಳಗಿದ್ದ ವೈರಸ್ ಮೊದಲು ಕರುಳಿನ ಕೋಶಗಳನ್ನು ಹೊಕ್ಕು, ಅಲ್ಲಿಂದ ರಕ್ತಕ್ಕೂ ಕೊಬ್ಬಿನ ಅಂಗಾಂಶಕ್ಕೂ ಹರಡಿ, ಕೋಶಗಳ ನ್ಯೂಕ್ಲಿಯಸ್ಸಿನಲ್ಲಿ ಲೆಕ್ಕವಿಲ್ಲದಷ್ಟು ವೃದ್ಧಿಸಿ ಕೊನೆಗೆ ಅವುಗಳನ್ನೇ ಒಡೆಯುತ್ತದೆ. ಸೋರುವ ದ್ರವಕ್ಕೆ ಹಾಲಿನ ಬಣ್ಣ ಬರುವುದು ಆ ಹರಳುಗಳಿಂದಲೇ.

ಎಲ್ಲ ವೈರಸ್ಸುಗಳೂ ಹೀಗೆ ಒಡೆದೇ ಕೊಲ್ಲುತ್ತವೆಂದು ತಿಳಿದರೆ ರೇಬೀಸ್ ಅರ್ಥವಾಗುವುದಿಲ್ಲ. ನಮ್ಮ ಬೀದಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಹುಡುಗನೊಬ್ಬನ ಮೀನಖಂಡಕ್ಕೆ ನಾಯಿ ಬಾಯಿ ಹಾಕಿದಾಗ, ಹುಳುಮನೆಯಲ್ಲಿ ಸದಾ ಇರುವ ಸುಣ್ಣದ ಪುಡಿಯನ್ನೇ ಅವನ ಅಜ್ಜಿ ಗಾಯಕ್ಕೆ ಮೆತ್ತಿ, "ಏನೂ ಆಗಲ್ಲ ಬಿಡಪ್ಪ, ಎರಡೇ ಹಲ್ಲು ಇಳಿದಿರೋದು" ಎಂದರು. ಹುಳುವಿನ ರೋಗಕ್ಕೆ ಸುಣ್ಣ ಎರಚಿ ರೂಢಿಯಾದ ಕೈ ಅದು. ಆದರೆ ಈ ವೈರಸ್ಸಿಗೆ ಎರಡು ಹಲ್ಲೇ ಧಾರಾಳ.

ಗುಂಡಿನ ಆಕಾರದ, ಬರಿಯ ಐದು ಜೀನ್‌ಗಳ ಈ ವೈರಸ್ ಜೊಲ್ಲಿನ ಮೂಲಕ ಸ್ನಾಯುವನ್ನು ಸೇರುತ್ತದೆ. ತನ್ನ ಮೇಲ್ಮೈಯ ಪ್ರೋಟೀನಿನಿಂದ ನರದ ತುದಿಯನ್ನು ಹಿಡಿದು ಒಳಹೊಕ್ಕ ಮೇಲೆ, ನರಕೋಶವು ತನ್ನ ಸಾಮಗ್ರಿಗಳನ್ನು ತುದಿಯಿಂದ ಬುಡಕ್ಕೆ ಸಾಗಿಸಲು ಇಟ್ಟುಕೊಂಡಿರುವ ವ್ಯವಸ್ಥೆಯಲ್ಲೇ ಬೆನ್ನುಹುರಿಯ ಕಡೆಗೆ, ಅಲ್ಲಿಂದ ಮಿದುಳಿಗೆ ಏರುತ್ತದೆ. ರಕ್ತದಲ್ಲಿ ಸುತ್ತಾಡುವುದಿಲ್ಲವಾದ್ದರಿಂದ ದೇಹದ ರಕ್ಷಣಾ ವ್ಯವಸ್ಥೆಗೆ ಅದರ ಸುಳಿವು ತಡವಾಗಿಯೇ ಸಿಗುತ್ತದೆ. ನನಗೆ ಅತ್ಯಂತ ಭೀಕರವೆನಿಸುವುದು ಮುಂದಿನದು: ಅದು ನರಕೋಶಗಳನ್ನು ಅಷ್ಟಾಗಿ ಒಡೆಯುವುದೇ ಇಲ್ಲ. ತಾನು ಸಾಗುವ ದಾರಿಯನ್ನೇ ಕಡಿದುಕೊಂಡರೆ ಅದಕ್ಕೆ ನಷ್ಟ. ಹೀಗಾಗಿ ತೀರಿಕೊಂಡವರ ಮಿದುಳು ಬರಿಗಣ್ಣಿಗೆ ಹೆಚ್ಚುಕಡಿಮೆ ಸರಿಯಾಗಿಯೇ ಕಾಣಬಹುದು. ಕೆಟ್ಟಿರುವುದು ಅದರ ಕೆಲಸ. ಮಿದುಳಿನಿಂದ ಅದು ಜೊಲ್ಲಿನ ಗ್ರಂಥಿಗಳಿಗೆ ಇಳಿಯುತ್ತದೆ, ನುಂಗಲು ಹೋದರೆ ಗಂಟಲು ಸೆಟೆದುಕೊಳ್ಳುತ್ತದೆ, ನೀರು ಕಂಡರೆ ಭಯವಾಗುತ್ತದೆ. ನುಂಗಲಾಗದ ಜೊಲ್ಲು ಬಾಯಲ್ಲೇ ಉಳಿಯುತ್ತದೆ, ಕೆರಳಿದ ನಾಯಿ ಕಚ್ಚಲು ಓಡುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು.

ಮಿದುಳನ್ನು ತಲುಪಲು ಅದಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಮುಖಕ್ಕೆ, ಕುತ್ತಿಗೆಗೆ ಕಚ್ಚಿದರೆ ದಾರಿ ಹತ್ತಿರವಾದ್ದರಿಂದ ಇನ್ನೂ ಬೇಗ. ನಮಗೆ ಸಿಗುವ ಕಾಲಾವಕಾಶ ಇಷ್ಟೇ. ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪಿಗೆ ಕರಗುತ್ತದೆ. ಆದ್ದರಿಂದ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ಗಾಯ ತೊಳೆಯುವುದೇ ಮೊದಲ ಔಷಧ. ಸುಣ್ಣ, ಖಾರದ ಪುಡಿ, ಅರಿಶಿನ ಗಾಯವನ್ನು ಇನ್ನಷ್ಟು ಕೆರಳಿಸುತ್ತವೆ ಅಷ್ಟೇ. ಲಸಿಕೆ ಕೊಟ್ಟ ಮೇಲೂ ವೈರಸ್ಸನ್ನು ಎದುರಿಸುವ ಪ್ರತಿಕಾಯಗಳು ದೇಹದಲ್ಲಿ ತಯಾರಾಗಲು ವಾರಕ್ಕಿಂತ ಹೆಚ್ಚು ಬೇಕಾಗುವುದರಿಂದ, ರಕ್ತ ಬಂದ ಗಾಯಗಳಿಗೆ ಸಿದ್ಧ ಪ್ರತಿಕಾಯವಾದ ಇಮ್ಯುನೋಗ್ಲಾಬ್ಯುಲಿನ್ನನ್ನು ಗಾಯದ ಸುತ್ತಲೇ ಚುಚ್ಚುತ್ತಾರೆ.

ಆ ಅಜ್ಜಿ ಆಸ್ಪತ್ರೆಗೆ ಹಿಂಜರಿದಿದ್ದು ಮೂಢನಂಬಿಕೆಯಿಂದಲ್ಲ. ಹೊಕ್ಕಳ ಸುತ್ತ ಸಾಲುಸಾಲಾಗಿ ಚುಚ್ಚಿಸಿಕೊಂಡವರನ್ನು ಅವರು ಕಣ್ಣಾರೆ ಕಂಡಿದ್ದರು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆ 2005ರ ಸುಮಾರಿಗೆ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗಿನದು ಕೋಶಗಳಲ್ಲಿ ಬೆಳೆಸಿದ್ದು, ತೋಳಿಗೆ ಕೊಡುತ್ತಾರೆ. ಅದನ್ನು ಬಿಡಿಸಿ ಹೇಳಿದ ಮೇಲೆ ಅವರೇ ಸುಣ್ಣ ತೊಳೆದು ಮೊಮ್ಮಗನನ್ನು ಕರೆದುಕೊಂಡು ಹೊರಟರು.