ಬ್ವಿಂಡಿಯಲ್ಲಿ ಒಂದು ತಾಸು

ಮಕ್ಕಳನ್ನು ಮೈಸೂರು ಮೃಗಾಲಯಕ್ಕೆ ಕರೆದೊಯ್ದು ಪೋಲೊ ಎಂಬ ಗೊರಿಲ್ಲವನ್ನು ತೋರಿಸಿದವರು ನಮ್ಮ ಲಾಲ್‌ಬಾಗ್ ವಾಕಿಂಗ್ ಗುಂಪಿನಲ್ಲಿ ಬಹಳ ಮಂದಿ ಇದ್ದಾರೆ. ಅದು 2014ರಲ್ಲಿ ತೀರಿಕೊಂಡಿತು. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಗಳು ಬಂದವು. ಇವೆಲ್ಲ ಆಫ್ರಿಕಾದ ಪಶ್ಚಿಮ ಭಾಗದ ತಗ್ಗುಕಾಡಿನವು. ಬೆಟ್ಟದ ಗೊರಿಲ್ಲ ಜಗತ್ತಿನ ಯಾವ ಮೃಗಾಲಯದಲ್ಲಿಯೂ ಇಲ್ಲ. ಅದನ್ನು ನೋಡಬೇಕಾದರೆ ಉಗಾಂಡ, ರುವಾಂಡ ಇಲ್ಲವೇ ಕಾಂಗೊ ದೇಶದ ಬೆಟ್ಟಗಳನ್ನೇ ಹತ್ತಬೇಕು ಎಂದು ಗುಂಪಿನ ಗಣಿತದ ಮೇಷ್ಟ್ರು ಒಂದು ಬೆಳಗ್ಗೆ ಹೇಳಿದ್ದೇ ಈ ಪ್ರವಾಸಕ್ಕೆ ಕಾರಣವಾಯಿತು. ಖರ್ಚಿನ ಲೆಕ್ಕವನ್ನೂ ಅವರೇ ಹಾಕಿದರು. ನಾವು ಹೊರಟಾಗ ಉಗಾಂಡದಲ್ಲಿ ಗೊರಿಲ್ಲ ನೋಡುವ ಪರ್ಮಿಟ್‌ಗೆ ತಲೆಗೆ 800 ಡಾಲರ್ ಇತ್ತು. ಅದಕ್ಕೆ ಸಿಗುವುದು ಒಂದು ತಾಸು ಮಾತ್ರ.

ಗಲ್ಫ್ ಮಾರ್ಗವಾಗಿ ಉಗಾಂಡದ ಎಂಟೆಬ್ಬೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ನಾವೆಲ್ಲರೂ ಬಂದಿದ್ದೆವು, ಲಗೇಜು ಅರ್ಧ ಮಾತ್ರ ಬಂದಿತ್ತು. ಬಾರದ ಪೆಟ್ಟಿಗೆಗಳಲ್ಲಿ ಟ್ರೆಕಿಂಗ್ ಬೂಟು, ಕೆಲವರ ರೇನ್‌ಕೋಟುಗಳಿದ್ದವು. ಬಂದವುಗಳಲ್ಲಿ ಚಟ್ನಿಪುಡಿ, ಹುರಿದ ಅವಲಕ್ಕಿ ಮತ್ತು ಕಷಾಯದ ಪುಡಿ ಇದ್ದವು. ಮರುದಿನ ಕಂಪಾಲದ ಅಂಗಡಿಯಲ್ಲಿ ರಬ್ಬರ್ ಗಮ್‌ಬೂಟು ಕೊಳ್ಳಲು ಹೋದರೆ ಇನ್ನೊಂದು ತೊಡಕು ಎದುರಾಯಿತು. ಅಲ್ಲಿ ಹಳೆಯ ವರ್ಷದಲ್ಲಿ ಅಚ್ಚಾದ ಅಥವಾ ಮಡಿಕೆ ಬಿದ್ದ ಡಾಲರ್ ನೋಟನ್ನು ಯಾರೂ ಸುಲಭವಾಗಿ ಮುಟ್ಟುವುದಿಲ್ಲ. ಗುಂಪಿನ ಖಜಾಂಚಿ, ಬ್ಯಾಂಕಿನಲ್ಲಿ ಮೂರು ದಶಕ ದುಡಿದ ಮೇಡಂ, ಕೌಂಟರಿನ ಮೇಲೆ ಒಂದೊಂದು ನೋಟನ್ನೂ ಅಂಗೈಯಿಂದ ತಿಕ್ಕಿ ನೇರ ಮಾಡುತ್ತಿದ್ದುದನ್ನು ಅಂಗಡಿಯ ಹುಡುಗಿ ಕೈಕಟ್ಟಿ ನೋಡುತ್ತ ನಿಂತಿದ್ದಳು. ಕೊನೆಗೆ ಎಲ್ಲರಿಗೂ ಬೂಟು ಸಿಕ್ಕಿತು, ಅಳತೆ ಮಾತ್ರ ಎಲ್ಲರಿಗೂ ಸಿಗಲಿಲ್ಲ.

ಮೊದಲ ನಿಲ್ದಾಣ ಕಿಬಾಲೆ. ಈ ಒಂದೇ ಕಾಡಿನಲ್ಲಿ 13 ಜಾತಿಯ ಪ್ರೈಮೇಟುಗಳಿವೆ, ಅಂದರೆ ಕೋತಿ, ವಾನರ, ಕಾಡುಪಾಪಗಳ ಬಳಗ. ನಮ್ಮ ದೇವರಾಯನದುರ್ಗದ ಕಾಡುಪಾಪಕ್ಕೆ ಬಂಧುವಾದ ಪೊಟ್ಟೊ ಕೂಡ ಅವುಗಳಲ್ಲಿ ಒಂದು. ನಿಶಾಚರಿಯಾದ್ದರಿಂದ ಹಗಲಲ್ಲಿ ಹೋದ ನಮಗೆ ಅದು ಕಾಣುವ ಮಾತೇ ಇರಲಿಲ್ಲ. ಚಿಂಪಾಂಜಿಗಳು ಮಾತ್ರ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿದ್ದವು. ದೂರದಲ್ಲಿ ಒಂದು ಏದುಸಿರಿನಂಥ ಹೂಂಕಾರ ಹೊರಟು, ಏರುತ್ತ ಏರುತ್ತ ಕಿರುಚಾಟವಾಗಿ, ಅದಕ್ಕೆ ಇನ್ನೊಂದು ಮಗ್ಗುಲಿನಿಂದ ಉತ್ತರ ಬಂದು, ನಡುವೆ ಯಾವುದೋ ಮರದ ಹಲಗೆಬೇರನ್ನು ಒಂದು ಚಿಂಪಾಂಜಿ ದಬದಬನೆ ಬಡಿಯಿತು. ಇಲ್ಲಿಯ ಚಿಂಪಾಂಜಿಗಳು ಗುಂಪುಗೂಡಿ ಕೆಂಪು ಕೊಲೊಬಸ್ ಕೋತಿಗಳನ್ನು ಬೇಟೆಯಾಡಿ ತಿನ್ನುತ್ತವೆ ಎಂದು ಗೈಡ್ ವಿವರಿಸುತ್ತಿದ್ದಾಗ, ನಮ್ಮ ತಲೆಯ ಮೇಲೆ ಅತ್ತಿಹಣ್ಣು ತಿನ್ನುತ್ತಿದ್ದ ಗಂಡೊಂದು ಕೆಳಗಿದ್ದವರ ಪರಿವೆಯೇ ಇಲ್ಲದೆ ಮೂತ್ರ ಮಾಡಿತು. ರೇನ್‌ಕೋಟು ಇದ್ದವರು ಬಚಾವಾದರು.

ಅಲ್ಲಿಂದ ಬೆಟ್ಟದ ಗೊರಿಲ್ಲಗಳ ಕಾಡಾದ ಬ್ವಿಂಡಿಗೆ ಇಶಾಶ ಮಾರ್ಗವಾಗಿ ಹೊರಟೆವು. ಕಾಂಗೊ ಗಡಿಯತ್ತ ಸಾಗುವ ಈ ಮಣ್ಣುರಸ್ತೆ ಮಳೆ ಬಿದ್ದರೆ ಗದ್ದೆಯಂತಾಗುತ್ತದೆ. ಸರಕು ತುಂಬಿದ ಲಾರಿಯೊಂದು ರಸ್ತೆಗೆ ಅಡ್ಡವಾಗಿ ಹೂತುಕೊಂಡಿತ್ತು. ಅದರ ಪಕ್ಕದಲ್ಲಿ ನುಸುಳಲು ಹೋದ ನಮ್ಮ ವ್ಯಾನು ಸಹ ಆಕ್ಸೆಲ್‌ವರೆಗೆ ಇಳಿಯಿತು. ಗೊರಿಲ್ಲ ಪರ್ಮಿಟ್ ನಿಗದಿಯಾದ ದಿನಕ್ಕೆ ಮಾತ್ರ ಸಲ್ಲುವುದರಿಂದ, ಮರುದಿನ ಬೆಳಗ್ಗೆ ನಮ್ಮ ನಡಿಗೆ ಶುರುವಾಗಬೇಕಿದ್ದ ಬುಹೋಮದಲ್ಲಿ ಹಾಜರಿರದಿದ್ದರೆ ಅಷ್ಟೂ ಹಣ ನೀರಿನಲ್ಲಿ ಹೋಮ. ಚಾಲಕ ಮಾತ್ರ ಅವಸರಪಡಲಿಲ್ಲ. ಮಚ್ಚಿನಿಂದ ಕೊಂಬೆ ಕಡಿದು, ಚಕ್ರದಡಿ ಒಂದರ ಮೇಲೊಂದು ಅಡ್ಡಡ್ಡ ಹಾಸಿ, ಲಾರಿಯವರನ್ನೂ ನಮ್ಮನ್ನೂ ಸೇರಿಸಿ ತಳ್ಳಿಸಿದ. ಕತ್ತಲಾದ ಮೇಲೆ ತಲುಪಿದ ನಮಗೆ ವಸತಿಗೃಹದವರು ಬೇಯಿಸಿದ ಬಾಳೆಕಾಯಿಯ ಮಟೋಕೆ ಮತ್ತು ಹುರುಳಿಕಾಯಿ ಬೀಜದ ಸಾರು ಬಡಿಸಿದರು. ಚಟ್ನಿಪುಡಿಯೊಂದಿಗೆ ಅದು ಚೆನ್ನಾಗಿಯೇ ಹೊಂದಿತು.

ದಾರಿಯುದ್ದಕ್ಕೂ ನಮಗಿದ್ದ ದೊಡ್ಡ ಭಯ ಕೆಸರಿನದಲ್ಲ, ನೆಗಡಿಯದು. ಮನುಷ್ಯನ ಸಾಮಾನ್ಯ ಶೀತವೇ ಗೊರಿಲ್ಲಗಳಿಗೆ ಪ್ರಾಣಾಂತಕ ಶ್ವಾಸಕೋಶದ ಕಾಯಿಲೆಯಾಗಬಹುದಾದ್ದರಿಂದ, ಕೆಮ್ಮು ಜ್ವರ ಇರುವವರನ್ನು ಕಾಡಿನೊಳಗೆ ಬಿಡುವುದಿಲ್ಲ. ಹೋದವರು ಮಾಸ್ಕ್ ಹಾಕಿಕೊಂಡು ದೂರದಲ್ಲೇ ನಿಲ್ಲಬೇಕು. ಹಾಗಾಗಿ ವ್ಯಾನಿನಲ್ಲಿ ಯಾರೇ ಸೀನಿದರೂ ಉಳಿದವರೆಲ್ಲ ತಿರುಗಿ ನೋಡಿ ಕಷಾಯ ಮುಂದೆ ಮಾಡುತ್ತಿದ್ದರು.

ಇನ್ನೊಂದು ನಿಯಮವನ್ನು ನಮ್ಮ ಟ್ರಾವೆಲ್ ಏಜೆಂಟ್ ಹೇಳಿರಲೇ ಇಲ್ಲ. ಒಂದು ಗೊರಿಲ್ಲ ಕುಟುಂಬವನ್ನು ದಿನಕ್ಕೆ ಎಂಟು ಪ್ರವಾಸಿಗರು ಮಾತ್ರ ನೋಡಬಹುದು. ನಾವಿದ್ದದ್ದು ಒಂಬತ್ತು ಜನ. ಬೆಳಗಿನ ಸೂಚನಾ ಸಭೆಯಲ್ಲಿ ಇದು ಗೊತ್ತಾದಾಗ ದಂಪತಿಗಳು ಪರಸ್ಪರ ಕೈ ಹಿಡಿದುಕೊಂಡರು, ಉಳಿದವರು ನೆಲ ನೋಡಿದರು. "ನಾನು ಹೋಗ್ತೀನಿ ಬಿಡಿ, ಒಂಬತ್ತರಲ್ಲಿ ಒಂದು ಕಳೆದರೆ ಎಂಟು," ಎಂದು ಮೇಷ್ಟ್ರು ಅಪರಿಚಿತ ಯುರೋಪಿಯನ್ನರ ತಂಡ ಸೇರಿಕೊಂಡರು.

ಬ್ವಿಂಡಿಯಲ್ಲಿ ನೇರವಾದ ದಾರಿ ಎಂಬುದಿಲ್ಲ. ತುರಿಕೆ ಗಿಡ, ಬಳ್ಳಿ, ಜರಿಗಿಡಗಳ ನಡುವೆ ಗೈಡ್ ಮಚ್ಚಿನಿಂದ ಬಿಡಿಸಿದಷ್ಟೇ ದಾರಿ. ನನ್ನ ಚೀಲ ಹೊತ್ತ ಸ್ಥಳೀಯ ಪೋರ್ಟರ್ ಇಳಿಜಾರಿನಲ್ಲಿ ನನ್ನನ್ನೂ ಅರ್ಧ ಹೊತ್ತ ಎನ್ನಬೇಕು. ಮುಂಜಾನೆಯೇ ಹೊರಟಿದ್ದ ಟ್ರ್ಯಾಕರ್‌ಗಳು ಗೊರಿಲ್ಲಗಳು ಹಿಂದಿನ ರಾತ್ರಿ ಮಲಗಿದ್ದ ಗೂಡುಗಳಿಂದ ಜಾಡು ಹಿಡಿದು ವೈರ್‌ಲೆಸ್‌ನಲ್ಲಿ ದಿಕ್ಕು ಹೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಂದು ಪೊದೆ ಅಲುಗಿತು; ಬೆನ್ನು ಬೆಳ್ಳಗಾದ ಹಿರಿಯ ಗಂಡು, ಸಿಲ್ವರ್‌ಬ್ಯಾಕ್, ನಮಗೆ ಬೆನ್ನು ಹಾಕಿಯೇ ಕುಳಿತಿತ್ತು. ಒಂದು ಕಾಂಡವನ್ನು ಮುರಿದು, ಹಲ್ಲಿನಿಂದ ಸಿಪ್ಪೆ ಸೀಳಿ, ತಿರುಳನ್ನಷ್ಟೇ ತಿಂದು ಸಿಪ್ಪೆಯನ್ನು ಮಗ್ಗುಲಿಗೆ ಇಡುತ್ತಿತ್ತು. ಅದರ ಬೆರಳುಗಳ ಉಗುರು, ಗಿಣ್ಣಿನ ಮೇಲಿನ ಸುಕ್ಕು ಎಲ್ಲವೂ ಸ್ಪಷ್ಟವಾಗಿ ಕಂಡವು. ಮುಖ ಮಾತ್ರ ಕಾಣಲಿಲ್ಲ. ಎರಡು ಹೆಣ್ಣುಗಳು ಎಲೆಗಳ ಹಿಂದೆ ಸರಿದಾಡಿದವು. ಗೈಡ್ ಗಡಿಯಾರ ನೋಡಿ ಹಿಂದಿರುಗಿ ಎಂದಾಗ ನಮ್ಮಲ್ಲಿ ಕೆಲವರು ಗೊಣಗಿದರು. ನನಗೆ ಆ ಬಿಗಿ ಸರಿಯೆನಿಸಿತು. 2018ರಲ್ಲಿ ಪ್ರಕಟವಾದ ಎಣಿಕೆಯ ಪ್ರಕಾರ ಈ ಪ್ರಾಣಿಗಳು ಸಾವಿರದ ಗಡಿ ದಾಟಿ, 'ಅತಿ ಅಪಾಯ'ದ ಪಟ್ಟಿಯಿಂದ ಒಂದು ಮೆಟ್ಟಿಲು ಮೇಲೆ ಬಂದದ್ದರ ಹಿಂದೆ ಇಂಥ ಬಿಗಿಯೂ ಇದೆ. ಅದೇ ಹೊತ್ತಿನಲ್ಲಿ, 1991ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವಾದಾಗ ಇಲ್ಲಿಯ ಆದಿವಾಸಿಗಳಾದ ಬಾಟ್ವಾ ಜನರನ್ನು ಒಕ್ಕಲೆಬ್ಬಿಸಲಾಯಿತು ಎಂಬುದನ್ನೂ ಮರೆಯಲಾಗದು; ನಾಗರಹೊಳೆಯ ಹಾಡಿಗಳನ್ನು ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆ ಮೇಷ್ಟ್ರು ನಮಗಿಂತ ಮೊದಲೇ ಬಂದು ಕಾಫಿ ಕುಡಿಯುತ್ತಿದ್ದರು. ಅವರ ತಂಡಕ್ಕೆ ಗೊರಿಲ್ಲಗಳು ಅರ್ಧ ಗಂಟೆಯ ನಡಿಗೆಯಲ್ಲೇ, ಬಯಲಾದ ಜಾಗದಲ್ಲಿ, ಎರಡು ಮರಿಗಳ ಸಮೇತ ಸಿಕ್ಕಿದ್ದವು. ಒಂದು ಮರಿ ತಾಯಿಯ ಬೆನ್ನಿನಿಂದ ಜಾರಿ ಮೂರು ಸಲ ಬಿದ್ದುದನ್ನು ಅವರು ಊಟದ ತನಕ ವರ್ಣಿಸಿದರು. ಈಗ ಅವರಿಗೆ ರುವಾಂಡ ನೋಡುವ ಆಸೆ ಹುಟ್ಟಿದೆ. ಅಲ್ಲಿ ಪರ್ಮಿಟ್‌ಗೆ 1,500 ಡಾಲರ್ ಎಂದು ತಿಳಿದ ಮೇಲೆ ಲಾಲ್‌ಬಾಗಿನಲ್ಲಿ ಅವರ ಜೊತೆ ಹೆಜ್ಜೆ ಹಾಕುವವರು ಮಾತು ಬೇರೆ ಕಡೆಗೆ ತಿರುಗಿಸುತ್ತಾರೆ.