ಮಾರಾನ ತಲೆಯ ಮೇಲಿನ ಗೋಡೆ: ಒಂಬತ್ತನೇ ವಾರ

ಎರಡು ವಾರ ಪೂರ್ತಿ ಖಾಲಿ ಜಾಗಕ್ಕೇ ಹೋಯಿತು.

ಹೊಸದಾಗಿ ಓದುತ್ತಿರುವವರಿಗೆ: ಫ್ರಾನ್ಸಿನ ಜಾಕ್-ಲೂಯಿ ದಾವೀದ್ 1793ರಲ್ಲಿ ಬರೆದ ‘ಮಾರಾನ ಸಾವು’ ಚಿತ್ರವನ್ನು ಅರ್ಧ ಅಳತೆಯಲ್ಲಿ ನಕಲು ಮಾಡುತ್ತಿದ್ದೇನೆ. ಮಾರಾ ಎಂದರೆ ಸ್ನಾನದ ತೊಟ್ಟಿಯಲ್ಲೇ ಕೊಲೆಯಾದ ಫ್ರೆಂಚ್ ಕ್ರಾಂತಿಯ ನಾಯಕ, ಪತ್ರಕರ್ತ. ಮೂಲದ ಎತ್ತರ ಸುಮಾರು 165 ಸೆಂ.ಮೀ., ಅಗಲ 128. ನನ್ನದು 82ಕ್ಕೆ 64. ಮುಖ, ಜೋತುಬಿದ್ದ ತೋಳು, ಸ್ನಾನದ ತೊಟ್ಟಿ, ಮರದ ಪೆಟ್ಟಿಗೆ ಎಲ್ಲವೂ ಕೆಳಗಿನ ಅರ್ಧದಲ್ಲೇ ಇವೆ. ಮೇಲೆ ಬರೀ ಗೋಡೆ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ.

ರಾ ಅಂಬರ್ ಎಂಬ ಮಣ್ಣುಕಂದು, ಕಪ್ಪು, ಚೂರು ಓಕರ್ ಎಂಬ ಮಣ್ಣುಹಳದಿ ಕಲಸಿ ಅಗಲ ಕುಂಚದಿಂದ ಬಳಿದೆ. ದೂರ ನಿಂತು ನೋಡಿದರೆ ಬೀರುವಿನ ಬಾಗಿಲಿಗೆ ಬಣ್ಣ ಹೊಡೆದ ಹಾಗಿತ್ತು, ಮಾರಾ ಅದರ ಮೇಲೆ ಕತ್ತರಿಸಿ ಅಂಟಿಸಿದ ಹಾಗೆ. ಅಂದೇ ರಾತ್ರಿ ಕೆರೆದು ತೆಗೆದೆ.

ಆಮೇಲೆ ಮೂಲದ ದೊಡ್ಡ ಫೋಟೊ ತೆರೆದು ಗೋಡೆಯನ್ನಷ್ಟೇ ನೋಡುತ್ತ ಕೂತೆ. ಅದು ಒಂದೇ ಬಣ್ಣವಲ್ಲ. ಒಣಕುಂಚದ ಸಣ್ಣ ಸಣ್ಣ ಗೀಟುಗಳು, ನಡುವೆ ಅಡಿಬಣ್ಣದ ಬಿಸುಪು. ಎಡಕ್ಕೆ ಕತ್ತಲು, ಬಲಕ್ಕೆ ಹೋದಂತೆ ತಿಳಿಯಾಗುತ್ತದೆ. ಹಾಗಾಗಿ ಮೊದಲು ಟರ್ಪಂಟೈನಿನಲ್ಲಿ ತೆಳುಮಾಡಿದ ಅಂಬರ್ ಹಚ್ಚಿ ಒಣಗಲು ಬಿಟ್ಟೆ. ಮಳೆಗಾಲ, ಐದು ದಿನ ಹಿಡಿಯಿತು. ನಂತರ ಒರಟು ಕೂದಲಿನ ಕುಂಚವನ್ನು ಬಟ್ಟೆಗೆ ಒರೆಸಿ, ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟರಲ್ಲಿ, ಎಲ್ಲ ದಿಕ್ಕಿಗೂ ತಿಕ್ಕುತ್ತ ಹೋದೆ. ಗೋಡೆ ಉಸಿರಾಡತೊಡಗಿತು. ಮಾರಾ ಹಿಂದಕ್ಕೆ ಒರಗಿದ.

ಈ ಕತ್ತಲು ದಾವೀದನಿಗೆ ಹೊಸದಲ್ಲ. 1784ರಲ್ಲಿ ರೋಮ್‌ನಲ್ಲಿ ಬರೆದ ‘ಹೊರೇಶಿಯರ ಪ್ರತಿಜ್ಞೆ’ಯಲ್ಲೂ ಮೂರು ಕಮಾನುಗಳ ಹಿಂದೆ ಇರುವುದು ಇದೇ. ಆದರೆ ಅಲ್ಲಿ ಅದು ರಂಗದ ಹಿನ್ನೆಲೆ, ಇಲ್ಲಿ ಶೋಕ. ಮಾರಾ ಅವನ ಸ್ನೇಹಿತ. ಕೊಲೆಯ ಹಿಂದಿನ ದಿನವಷ್ಟೇ ದಾವೀದ್ ಅವನನ್ನು ನೋಡಿ ಬಂದಿದ್ದ. ಚರ್ಮರೋಗದ ಉರಿ ತಾಳದೆ ತೊಟ್ಟಿಯಲ್ಲಿ ಕೂತೇ ಬರೆಯುತ್ತಿದ್ದ ಮಾರಾನನ್ನು ಜುಲೈ 13ರಂದು ಅವನ ರಾಜಕೀಯ ವಿರೋಧಿ ಷಾರ್ಲಟ್ ಕೊರ್ಡೆ ಇರಿದಳು. ದಾವೀದ್ ಆ ರೋಗವನ್ನು ಒರೆಸಿಹಾಕಿ ನಯವಾದ ಮೈ ಬರೆದ. ಅದೇ ದಾವೀದ್ ಕ್ರಾಂತಿಯ ಸಮಿತಿಯಲ್ಲಿ ಕೂತು ಬಂಧನದ ಆದೇಶಗಳಿಗೆ ಸಹಿ ಹಾಕಿದವನು. ಇಷ್ಟು ಪ್ರೀತಿಯಿಂದ ನಕಲು ಮಾಡುವಾಗಲೂ ಅದನ್ನು ಮರೆಯಲು ನನಗಾಗುವುದಿಲ್ಲ.

ಈ ವಾರ ಕಾಗದಗಳು. ಮಾರಾನ ಎಡಗೈಯಲ್ಲಿ, ಒಳಗೆ ಬರಲು ನೆಪವಾಗಿ ಕೊರ್ಡೆ ಬರೆದ ಪತ್ರವಿದೆ: ‘ನಾನು ತುಂಬಾ ದುಃಖಿತೆ ಎಂಬುದೇ ನಿಮ್ಮ ದಯೆಗೆ ಪಾತ್ರಳಾಗಲು ಸಾಕು’. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ, ದೇಶಕ್ಕಾಗಿ ಗಂಡನನ್ನು ಕಳೆದುಕೊಂಡ ಐದು ಮಕ್ಕಳ ತಾಯಿಗೆ ಹಣ ಕೊಡಿ ಎಂದಿದೆ. ಮೋಸದ ಕಾಗದ, ದಾನದ ಕಾಗದ, ಎರಡರ ನಡುವೆ ಗೇಣಿನಷ್ಟೂ ಅಂತರವಿಲ್ಲ. ಸೊನ್ನೆ ನಂಬರಿನ ಕುಂಚದಲ್ಲಿ ಆ ಅಕ್ಷರಗಳನ್ನು ಬರೆಯುವಾಗಲೇ ಇದು ನನಗೆ ಸರಿಯಾಗಿ ಕಂಡದ್ದು.

1795ರಲ್ಲಿ ಚಿತ್ರ ದಾವೀದನ ಕೈಗೇ ಮರಳಿತು. ಅವನು ದೇಶಭ್ರಷ್ಟನಾಗಿ 1825ರಲ್ಲಿ ಬ್ರಸೆಲ್ಸ್‌ನಲ್ಲಿ ತೀರಿಕೊಂಡ. ಶವ ತರಲೂ ಫ್ರಾನ್ಸ್ ಒಪ್ಪಲಿಲ್ಲ. ಚಿತ್ರವೂ ಈಗ ಅದೇ ಊರಿನ ಮ್ಯೂಸಿಯಂನಲ್ಲಿದೆ.

ಉಳಿದಿರುವುದು ನೆಲದ ಚಾಕು, ಪೆಟ್ಟಿಗೆಯ ಬರಹ. ಅವನ ಕಾರ್ಯಾಗಾರದಲ್ಲೇ ಆದ ನಕಲುಗಳೂ ಇವೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿರುವ ನಕಲಿನ ಪೆಟ್ಟಿಗೆಯ ಮೇಲೆ ‘ನನ್ನನ್ನು ಭ್ರಷ್ಟಗೊಳಿಸಲಾಗದೆ ಕೊಂದರು’ ಎಂಬರ್ಥದ ಮಾತಿದೆ. ನಾನು ಮೂಲದಲ್ಲಿರುವಂತೆ ‘ಮಾರಾನಿಗೆ, ದಾವೀದ್’ ಎಂದೇ ಫ್ರೆಂಚಿನಲ್ಲಿ ಬರೆಯುತ್ತೇನೆ. ಘೋಷಣೆಗಿಂತ ಆ ಎರಡು ಹೆಸರುಗಳೇ ಹೆಚ್ಚು ತಟ್ಟುತ್ತವೆ. ಅದಕ್ಕೆ ಪೆಟ್ಟಿಗೆಯ ಬಣ್ಣ ಒಣಗಬೇಕು. ಇವತ್ತು ಬೆಳಿಗ್ಗೆ ಮುಟ್ಟಿದಾಗ ಇನ್ನೂ ಬೆರಳಿಗೆ ಅಂಟುತ್ತಿತ್ತು.