ಒಂದು ಬಾಟಲಿ ಶಾಂಪೇನ್, ಹತ್ತು ವರ್ಷದ ಬಡ್ಡಿ

ಫ್ರಾನ್ಸಿನ ಸಲೋಂ ಶಾಂಪೇನಿನ ಬಗ್ಗೆ ಓದುತ್ತಿದ್ದಾಗ, ಒಂದು ಬಾಟಲಿಗೆ ಲಕ್ಷ ರೂಪಾಯಿಯ ಆಸುಪಾಸು ತೆರುವವರು ನಿಜಕ್ಕೂ ಏನನ್ನು ಕೊಳ್ಳುತ್ತಾರೆ ಎಂಬ ಪ್ರಶ್ನೆ ಎದ್ದಿತು. ಈ ಸಂಸ್ಥೆ ತಯಾರಿಸುವುದು ಒಂದೇ ಬಗೆಯ ಶಾಂಪೇನ್. ಅದಕ್ಕೆ ಲ ಮೆನಿಲ್ ಸುರ್ ಓಜೇ ಎಂಬ ಗ್ರಾಮದ ಶಾರ್ಡನೇ ದ್ರಾಕ್ಷಿಯಲ್ಲದೆ ಬೇರೆ ದ್ರಾಕ್ಷಿ ಸೇರುವಂತಿಲ್ಲ. ಫಸಲು ಮನಸ್ಸಿಗೆ ಒಪ್ಪದ ವರ್ಷ ತಯಾರಿಕೆಯೇ ಇಲ್ಲ. ಹೀಗಾಗಿ ಇಡೀ ಇಪ್ಪತ್ತನೆಯ ಶತಮಾನದಲ್ಲಿ ಹೊರಬಂದದ್ದು 37 ವರ್ಷಗಳ ಸರಕು ಮಾತ್ರ.

ಇಸವಿ ನಮೂದಿಸಿದ ಶಾಂಪೇನನ್ನು ಕನಿಷ್ಠ 3 ವರ್ಷ ಮಾಗಿಸಬೇಕೆಂಬುದು ಅಲ್ಲಿನ ನಿಯಮ. ಇವರದು ಸುಮಾರು 10 ವರ್ಷ ನೆಲಮಾಳಿಗೆಯ ತಂಪಿನಲ್ಲಿ, ಸತ್ತ ಯೀಸ್ಟಿನ ಗಸಿಯೊಡನೆಯೇ ಮಲಗಿರುತ್ತದೆ. ಆ ಗಸಿಯಿಂದಲೇ ಶಾಂಪೇನಿಗೆ ಹೊಸದಾಗಿ ಸುಟ್ಟ ಬ್ರೆಡ್ಡಿನ ಪರಿಮಳ ಬರುವುದು. ಕೊನೆಗೆ, ಶಾಂಪೇನಿನ ವಾಡಿಕೆಯಂತೆ, ಬಾಟಲಿಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ತಲೆಕೆಳಗಾಗಿಸಿ, ಕೊರಳಿಗಿಳಿದ ಗಸಿಯನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ, ಒಳಗಿನ ಒತ್ತಡವೇ ಅದನ್ನು ಹೊರಕ್ಕೆ ಚಿಮ್ಮಿಸುತ್ತದೆ.

ದಶಕದ ಕಾಲ ಬಂಡವಾಳ ಕಟ್ಟಿಹಾಕಿದವರು ಬಡ್ಡಿಯನ್ನು ಬೆಲೆಗೆ ಸೇರಿಸುವುದು ನ್ಯಾಯವೇ. ಮಿಕ್ಕದ್ದು ಹೆಸರಿನ ಬೆಲೆ ಎಂದೇ ನನ್ನ ಎಣಿಕೆ. 2008ರ ಸರಕು ಬಂದದ್ದು 1.5 ಲೀಟರಿನ ಮ್ಯಾಗ್ನಮ್ ಬಾಟಲಿಗಳಲ್ಲಿ ಮಾತ್ರ, ಅದೂ ಸುಮಾರು 8,000. ಅವುಗಳಲ್ಲಿ ಕುಡಿಯಲೆಂದು ಕೊಂಡವು ಎಷ್ಟೋ, ಹರಾಜಿಗೆಂದು ಕೊಂಡವು ಎಷ್ಟೋ!